ನನ್ನನ್ನು ಒಳಗೆ ಬಿಡಲು ಒಪ್ಪಿಗೆ

ಕೋಪರಿಯ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಹೊಸ ಕಾನೂನು ಬಂತು. ಮನೆಗೆ ಯಾರೇ ಬಂದರೂ ಮನೆಯವರು ಮೊಬೈಲ್ ಆ್ಯಪ್‌ನಲ್ಲಿ ಒಪ್ಪಿಗೆ ಒತ್ತಿದರೆ ಮಾತ್ರ ಗೇಟು ತೆರೆಯುತ್ತದೆ. ಇದಕ್ಕಾಗಿ ಸ್ಮಾರ್ಟ್‌ಫೋನ್ ಕೊಳ್ಳಲಾರೆನೆಂದು ಹಟ ಹಿಡಿದ ನಾನು, ಮೂರು ದಿನ ಒದ್ದಾಡಿ, ಮನೆಯ ಲಿನಕ್ಸ್ ಕಂಪ್ಯೂಟರಿನಲ್ಲೇ ಆ ಆ್ಯಪ್ ಓಡಿಸಿದೆ. ಅದನ್ನು ಯಾರೂ ಮುಟ್ಟಕೂಡದೆಂದು ಹೆಂಡತಿಗೆ ಗದರಿಸಿ ಹೇಳಿದ್ದೆ.

ಮರುದಿನ ಸಂಜೆ ಕೆಲಸ ಮುಗಿಸಿ ಬಂದರೆ ಹೊಸ ವಾಚ್‌ಮನ್ ನನ್ನನ್ನೇ ತಡೆದ. ಇಪ್ಪತ್ತು ವರ್ಷದಿಂದ ಇಲ್ಲೇ ಇದ್ದೇನೆಂದು ಕೂಗಾಡಿದೆ.

"ಅಂಕಲ್, ಘರ್ ಪೇ ರಿಕ್ವೆಸ್ಟ್ ಭೇಜಾ ಹೈ. ಅಪ್ರೂವ್ ಹೋನೇ ದೋ," ಮನೆಗೆ ಕೋರಿಕೆ ಕಳಿಸಿದ್ದೇನೆ, ಒಪ್ಪಿಗೆ ಬರಲಿ ಎಂದ ಅವನು, ತಣ್ಣಗೆ.

ಮೊದಲ ಮಹಡಿಯ ನಮ್ಮ ಕಿಟಕಿಯಿಂದ ಒಪ್ಪಿಗೆ ಕೇಳಿ ಕಂಪ್ಯೂಟರ್ ಟಿಣ್ ಟಿಣ್ ಎಂದು ಬಡಿದುಕೊಳ್ಳುವುದು ಕೇಳಿಸುತ್ತಿತ್ತು. ಸಿಟ್ಟು ನೆತ್ತಿಗೇರಿತು. ಒಂದು ಬಟನ್ ಒತ್ತಲು ಏನು ಧಾಡಿ ಎಂದು ಹೆಂಡತಿಯ ಮೇಲೆ ಅರಚಿದೆ.

ಅವಳು ಕಿಟಕಿಗೆ ಬಂದಳು. "ಮುಟ್ಟಬೇಡ ಅಂತ ಹೇಳಿದ್ದು ನೀವೇ ಅಲ್ವಾ? ಮೇಲೆ ಬಂದು ನೀವೇ ಒತ್ತಿ."