ಹುಣಸೆಹಣ್ಣು ತಿಂದ ತೂಕ

ಫಳಫಳ ಹೊಳೆಯುವ ತೂಕದ ಬಟ್ಟು ಕಂಡರೆ ನನಗೆ ಇಂದಿಗೂ ಅನುಮಾನ. ಅಂಗಡಿಯಲ್ಲಿ ಎಲ್ಲರೂ ಬೇಳೆಯಲ್ಲಿ ಕಲ್ಲಿದೆಯೇ ಎಂದು ನೋಡಿದರೆ, ನಾನು ಬಟ್ಟನ್ನು ತಿರುಗಿಸಿ ಅದರ ತಳದಲ್ಲಿ ಸರ್ಕಾರದ ಮುದ್ರೆಯಿದೆಯೇ ಎಂದು ನೋಡುತ್ತೇನೆ. ನನ್ನ ಜೊತೆ ಸಾಮಾನು ತರಲು ಮನೆಯವರು ಯಾರೂ ಬರುವುದಿಲ್ಲ. ತಪ್ಪು ಅವರದಲ್ಲ. ನಾನು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದವಳು.

ಇನ್ಸ್‌ಪೆಕ್ಟರ್ ಎಂದೊಡನೆ ಎದ್ದು ನಿಂತವರು ಇಲಾಖೆಯ ಹೆಸರು ಕೇಳಿದೊಡನೆ ಮತ್ತೆ ಕೂತುಬಿಡುತ್ತಿದ್ದರು. ಖಾಕಿಯಿಲ್ಲ, ಲಾಠಿಯಿಲ್ಲ, ನನ್ನ ಪಾಲಿಗೆ ಜೀಪೂ ಇರಲಿಲ್ಲ. ತೊಂಬತ್ತರ ದಶಕದಲ್ಲಿ ಅರಸೀಕೆರೆಯಿಂದ ಕೆಂಪು ಬಸ್ಸು ಹತ್ತಿದರೆ ಮಖಮಲ್ಲು ಹಾಸಿದ ಮರದ ಪೆಟ್ಟಿಗೆ ನನ್ನ ತೊಡೆಯ ಮೇಲೆ. ಹಳೇಬೀಡಿಗೆ ಹೊರಟ ಪ್ರವಾಸಿಗರು ಕ್ಯಾಮೆರಾವನ್ನು ಕೂಡ ಅಷ್ಟು ಜೋಪಾನ ಮಾಡುತ್ತಿರಲಿಲ್ಲ. ಅದರಲ್ಲಿದ್ದವು ಇಲಾಖೆಯ ಮಾದರಿ ಬಟ್ಟುಗಳು. ದೆಹಲಿಯ ಕಿಲೋ ಎಷ್ಟೋ ಜಾವಗಲ್ಲಿನ ಕಿಲೋ ಕೂಡ ಅಷ್ಟೇ ಇರಬೇಕು, ಬಡವಿಯ ಕಾಲು ಕಿಲೋ ಸಕ್ಕರೆಗೂ ಸಾಹುಕಾರನ ಮೂಟೆಗೂ ಒಂದೇ ನ್ಯಾಯ ಎಂಬ ಹಟವನ್ನು ಹೊತ್ತು ತಿರುಗುವ ಇಲಾಖೆ ನಮ್ಮದು. ನನಗೆ ಅದರ ಮೇಲೆ ಬೆಟ್ಟದಷ್ಟು ಹೆಮ್ಮೆ. ಈ ಸೀಮೆಯ ಹಳೆಯ ಶಾಸನಗಳಲ್ಲೂ ಕೊಳಗ, ಬಳ್ಳ ಎಂಬ ಕಾಳಿನ ಅಳತೆಗಳ ಮಾತು ಬರುತ್ತದಂತೆ. ಬೇಲೂರಿನ ಶಿಲ್ಪಿಗೆ ಸಿಕ್ಕ ಹೊಗಳಿಕೆ ಕೊಳಗ ಅಳೆದವನಿಗೆ ಸಿಗಲಿಲ್ಲ, ಇರಲಿ.

ಜಾವಗಲ್ಲಿನ ಸಂತೆಬೀದಿಯಲ್ಲಿ ನಮ್ಮಪ್ಪನ ದಿನಸಿ ಅಂಗಡಿ. ಅಪ್ಪನಿಗೆ ಶಿವನನ್ನು ಬಿಟ್ಟರೆ ತಕ್ಕಡಿಯೇ ದೇವರು. ಪ್ರತಿ ಸೋಮವಾರ ಹಿತ್ತಾಳೆಯ ಬಟ್ಟುಗಳನ್ನು ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿ, ವಿಭೂತಿ ಹಚ್ಚಿದ ಮೇಲೆಯೇ ವ್ಯಾಪಾರ. ಚಿಕ್ಕಂದಿನಲ್ಲಿ ಉಜ್ಜುವ ಕೆಲಸ ನನ್ನದು. "ಮಕ ಕಾಣ್ಬೇಕು ಕಣವ್ವ" ಎಂದು ಅಪ್ಪ ಪಕ್ಕದಲ್ಲೇ ನಿಂತಿರುತ್ತಿದ್ದರು. ನನ್ನ ಮದುವೆಯಾದ ಮೇಲೆ ಆ ಕೆಲಸ ಅವ್ವನ ಪಾಲಿಗೆ ಬಂತು. ಆ ಹೊಳಪು ನೋಡಿಯೇ ಗಿರಾಕಿಗಳು ನಮ್ಮಲ್ಲಿಗೆ ಬರುತ್ತಿದ್ದರು. ಎದುರಂಗಡಿ ಮಲ್ಲಣ್ಣನ ಬಟ್ಟುಗಳು ಕರ್ರಗಿದ್ದವು, ಅವನ ಅಂಗಡಿ ಖಾಲಿ ಹೊಡೆಯುತ್ತಿತ್ತು.

ಆ ವರ್ಷ ಜಾವಗಲ್ಲಿನ ಅಂಗಡಿಗಳ ಬಟ್ಟುಗಳನ್ನು ತೂಗಿ ನೋಡಿ ಮುದ್ರೆ ಹಾಕುವ ಸರದಿ ನನಗೇ ಬಂತು. ಅಪ್ಪನ ಅಂಗಡಿ ಇರುವ ಊರು, ಬೇರೆಯವರನ್ನು ಕಳಿಸಿ ಎಂದು ಸಾಹೇಬರನ್ನು ಕೇಳಿಕೊಂಡೆ. "ಹೆತ್ತವರ ಬಟ್ಟಿಗೆ ಮುದ್ರೆ ಒತ್ತೋ ಭಾಗ್ಯ ಯಾರಿಗಿದೆ, ಹೋಗಮ್ಮ" ಎಂದರು. ಸಂತೆಯ ದಿನ ಶಾಲೆಯ ಜಗಲಿಯಲ್ಲಿ ನಮ್ಮ ತಕ್ಕಡಿ ಕೂತಿತು. ಸಾಲಿನಲ್ಲಿ ಅಪ್ಪನೇ ಮೊದಲು. ಇಸ್ತ್ರಿ ಪಂಚೆ, ಹೊಸ ಬಟ್ಟೆಯಲ್ಲಿ ಸುತ್ತಿದ ಬಟ್ಟುಗಳು. ಬೆನ್ನ ಹಿಂದೆ ಅರ್ಧ ಸಂತೆ.

ಒಂದು ತಟ್ಟೆಯಲ್ಲಿ ಇಲಾಖೆಯ ಮಾದರಿ ಬಟ್ಟು, ಇನ್ನೊಂದರಲ್ಲಿ ಅಪ್ಪನ ಕಿಲೋ ಬಟ್ಟು ಇಟ್ಟೆ. ಅಪ್ಪನ ಕಡೆಯ ತಟ್ಟೆ ಮೇಲೆದ್ದಿತು. ತೆಗೆದು ಮತ್ತೆ ಇಟ್ಟೆ, ಮತ್ತೆ ಎದ್ದಿತು. ಮೂರನೆಯ ಸಲವೂ ಅಷ್ಟೇ. ಅರ್ಧ ಚಮಚ ಸಕ್ಕರೆಯಷ್ಟು ಹಗುರ. ಹಿಂದಿನ ಸಲದವರೆಗೆ ಮಿತಿಯೊಳಗೇ ಇದ್ದದ್ದು ಈಗ ಗೆರೆ ದಾಟಿತ್ತು. ಅರ್ಧ ಚಮಚ ತಿಂದ ಕಳ್ಳ ಯಾರೆಂದು ನನಗೆ ಆಗಲೇ ಹೊಳೆದದ್ದು. ಹುಣಸೆಹಣ್ಣು, ಬೂದಿ, ಮತ್ತು ನನ್ನವೇ ಎರಡು ಕೈ! ಕಣ್ಣುಮುಚ್ಚಿ ಮುದ್ರೆ ಒತ್ತಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಒತ್ತದಿದ್ದರೆ ಅಪ್ಪ ಜೀವಮಾನವಿಡೀ ಗಳಿಸಿದ ಹೆಸರು ಸಂತೆಯ ನಡುವೆ ಹೋಗುತ್ತಿತ್ತು.

"ಅಪ್ಪ, ಇದು ನಡಿಯಲ್ಲ. ಉಜ್ಜಿ ಉಜ್ಜಿ ಸವೆದೋಗೈತೆ. ಇತ್ತೀಚ್ಗೆ ತೂಕ ಸ್ವಲ್ಪ ಕಮ್ಮಿಯಾಗೈತೆ" ಎಂದೆ.

ಅಪ್ಪ ಬಟ್ಟನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. "ಸ್ವಲ್ಪಾನೂ ಕಮ್ಮೀನೇ ಕಣವ್ವ. ಹೊಡ್ದಾಕು" ಎಂದರು.

ಹಳೆಯ ಮುದ್ರೆಯ ಮೇಲೆ ಉಳಿಯಿಟ್ಟು ರದ್ದಿನ ಗುರುತು ಹೊಡೆದೆ. ಮುಂದಿನ ಸರದಿ ಮಲ್ಲಣ್ಣನದು. ಜಿಡ್ಡು ಒರೆಸಿ ತೂಗಿದರೂ ಅವನ ಬಟ್ಟುಗಳೆಲ್ಲ ಸರಿಯಾಗಿದ್ದವು. ಸೋಮಾರಿತನಕ್ಕೆ ಸರ್ಕಾರದ ಮುದ್ರೆ ಬಿದ್ದದ್ದು ಅಂದೇ.

ಹಿಂದಿನಿಂದ ಯಾರೋ ನಕ್ಕರು. "ಏನಣ್ಣ, ಮಗ್ಳೇ ಕೈ ಕೊಟ್ಳಲ್ಲ!"

ಅಪ್ಪ ತಿರುಗಿದರು. "ಕೈ ಕೊಟ್ಟಿಲ್ಲ ಕಣ್ಲಾ, ಸರ್ಯಾಗಿ ತೂಗವ್ಳೆ. ನನ್ ಬಟ್ಟು ಸವ್ದೈತೆ. ಇವತ್ತು ಎಲ್ರೂ ಮಲ್ಲಣ್ಣನ ಅಂಗ್ಡೀಲಿ ಸಾಮಾನ್ ತಗಳ್ರಪ್ಪ."

ಕಣ್ಣು ತುಂಬಿ ಬಂದು ನನಗೆ ತಕ್ಕಡಿಯ ಮುಳ್ಳು ಕಾಣಿಸಲಿಲ್ಲ. ಮಲ್ಲಣ್ಣ ತನ್ನ ಬಟ್ಟುಗಳಲ್ಲಿ ಒಂದು ಜೊತೆಯನ್ನು ಅಪ್ಪನ ಕೈಗಿಟ್ಟ. "ಹೊಸವು ಬರೋಗಂಟ ಮಡೀಕ. ಉಜ್ಬ್ಯಾಡ ಮತ್ತೆ!" ಎಂದ.

ಹೊಸ ಬಟ್ಟುಗಳಿಗೆ ಅಪ್ಪ ಹುಣಸೆಹಣ್ಣು ತೋರಿಸಲೇ ಇಲ್ಲ, ಒಣ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ಅವ್ವನಿಗೆ ಮಾತ್ರ ಅದರಿಂದ ಸಮಾಧಾನವಾಗಲಿಲ್ಲ. ಹಳೆಯ ಕಿಲೋ ಬಟ್ಟು ದೇವರ ಜಗಲಿ ಸೇರಿತು, ಅವ್ವ ಸೋಮವಾರ ಸೋಮವಾರ ಅದನ್ನೇ ಮನಸಾರೆ ಉಜ್ಜಿದರು. ಅಪ್ಪ ಇರುವವರೆಗೂ ಮನೆಗೆ ಬಂದವರಿಗೆಲ್ಲ ಅದನ್ನು ತಲೆಕೆಳಗೆ ಮಾಡಿ ರದ್ದಿನ ಗುರುತು ತೋರಿಸುತ್ತಿದ್ದರು.

"ನೋಡ್ರಪ್ಪ, ಇದು ನನ್ ಮಗ್ಳು ಹೊಡ್ದಿದ್ದು."