ಬಾಗಿಲಲ್ಲಿ ನಿಂತ ಮಾವ

ನನ್ನ ಸೋದರಮಾವ ಬಸ್ ಕಂಡಕ್ಟರಾಗಿ ನಿವೃತ್ತರಾದವರು. ನಿವೃತ್ತಿ ಎಂಬುದು ಕಚೇರಿಯವರ ಲೆಕ್ಕಕ್ಕೆ ಮಾತ್ರ. ಮದುವೆಗೆ ವ್ಯಾನ್ ಮಾಡಿಕೊಂಡು ಹೊರಟರೂ ಮಾವ ಕೂರುವುದು ಬಾಗಿಲ ಪಕ್ಕದಲ್ಲೇ. ಅವರು ತಲೆ ಎಣಿಸಿ "ರೈಟ್" ಅನ್ನದೆ ಗಾಡಿ ಕದಲುವಂತಿಲ್ಲ. ನೌಕರಿಯಲ್ಲಿದ್ದಾಗ ಚಹಾಕ್ಕೆಂದು ಇಳಿದ ಒಬ್ಬ ಪ್ರಯಾಣಿಕನನ್ನೂ ಅವರು ದಾರಿಯಲ್ಲಿ ಬಿಟ್ಟುಹೋದದ್ದಿಲ್ಲ. ಅದಕ್ಕಾಗಿ ಡ್ರೈವರುಗಳಿಂದ ಬೈಸಿಕೊಂಡದ್ದು ಬೇಕಾದಷ್ಟು. ಮಾವ ಯಾರ ಮಾತಿಗೂ ಸೊಪ್ಪು ಹಾಕಲಿಲ್ಲ.

ಹೊರದೇಶದಲ್ಲಿರುವ ನನ್ನ ತಂಗಿಯ ಮನೆಗೆ ಹೋಗಿದ್ದ ಅಮ್ಮ ಅಲ್ಲೇ ಎದೆನೋವು ಬಂದು ಆಸ್ಪತ್ರೆ ಸೇರಿದಳು. ಆಪರೇಷನ್ ಆಗಲೇಬೇಕು, ತಡವಾದಷ್ಟೂ ಅಪಾಯ ಎಂದರು ಡಾಕ್ಟರು. ಅಮ್ಮ ಮಾತ್ರ ತಮ್ಮನ ಮುಖ ನೋಡದೆ ಒಪ್ಪುವುದಿಲ್ಲ ಎಂದು ಹಟ ಹಿಡಿದಳು. ಫೋನಿನಲ್ಲಿ ತಂಗಿಯ ಅಳು ಕೇಳಲಾಗದೆ, ವೀಸಾಕ್ಕೆ ಓಡಾಡಿ, ಮಾವನನ್ನು ಹೊರಡಿಸಿಕೊಂಡು ನಾನೂ ಹೊರಟೆ.

ದೊಡ್ಡ ವಿಮಾನ ನಮ್ಮನ್ನು ಇಳಿಸಿದ್ದು ಆ ದೇಶದ ದೊಡ್ಡ ಊರಿನಲ್ಲಿ. ತಂಗಿಯ ಊರಿಗೆ ಅಲ್ಲಿಂದ ಮತ್ತೊಂದು ಪುಟ್ಟ ವಿಮಾನ. ಪೆಟ್ಟಿಗೆಗಳನ್ನು ಇಳಿಸಿಕೊಂಡು, ತಪಾಸಣೆ ಮುಗಿಸಿ, ಇನ್ನೊಂದು ಕಟ್ಟಡಕ್ಕೆ ಎಳೆದೊಯ್ದು ಮತ್ತೆ ಒಪ್ಪಿಸಬೇಕು. ಅಲ್ಲಿ ತೂಕದ ಮಿತಿ ಕಡಿಮೆ. ಹೆಚ್ಚಾದ ಬಟ್ಟೆಯನ್ನು ಮಾವ ಮೈಮೇಲೆ ಹೇರಿಕೊಂಡರು. ಸ್ವೆಟರ್ ಮೇಲೆ ಸ್ವೆಟರ್, ಅದರ ಮೇಲೊಂದು ಕೋಟು. ಹಾಗೆಯೇ ಬೆವರುತ್ತಾ ಗೇಟಿನ ಬಳಿ ಕೂತರು.

ಪಕ್ಕದಲ್ಲಿ ಇನ್ಯಾವುದೋ ದೇಶದ ಅಜ್ಜಿಯೊಬ್ಬಳಿದ್ದಳು. ಅವಳ ಭಾಷೆ ಮಾವನಿಗೆ ಬಾರದು, ಮಾವನದು ಅವಳಿಗೆ ಬಾರದು, ಆ ದೇಶದ್ದು ಇಬ್ಬರಿಗೂ ಬಾರದು. ಆದರೂ ಬೋರ್ಡಿಂಗ್ ಪಾಸುಗಳನ್ನು ಅಕ್ಕಪಕ್ಕ ಹಿಡಿದು, ಇಬ್ಬರದೂ ಒಂದೇ ವಿಮಾನ ಎಂದು ತಿಳಿದು, ಹೊಸ ಬೀಗರ ಹಾಗೆ ತಲೆಯಾಡಿಸಿ ನಕ್ಕರು. ಅಜ್ಜಿ ಶೌಚಾಲಯಕ್ಕೆಂದು ಎದ್ದುಹೋದಳು. ಅಷ್ಟರಲ್ಲೇ ಗೇಟು ಬದಲಾಗಿದೆ ಎಂದು ಕೂಗಿದರು. ಎಲ್ಲರೂ ಓಡಿದರು. ನಾನೂ ಮಾವನನ್ನು ಎಳೆದುಕೊಂಡು ಓಡಿದೆ.

ಹೊಸ ಗೇಟಿನಿಂದ ವಿಮಾನದವರೆಗೆ ಬಸ್ಸು. ಬಸ್ಸು ಕಂಡದ್ದೇ ತಡ, ಮಾವ ಬಾಗಿಲ ಹತ್ತಿರ ನಿಂತು ಒಳಗೆಲ್ಲ ಕಣ್ಣಾಡಿಸಿದರು. ಹುಟ್ಟುಗುಣ ಸುಟ್ಟರೂ ಹೋಗದು.

"ಆ ಅಜ್ಜಿ ಬಂದಿಲ್ಲ" ಎಂದರು. ಎಂದವರೇ ಒಂದು ಕಾಲನ್ನು ಬಾಗಿಲಿಗೆ ಅಡ್ಡ ಇಟ್ಟರು. ಬಾಗಿಲು ಮುಚ್ಚಲು ಬರುತ್ತದೆ, ಕಾಲಿಗೆ ತಾಗಿ ಹಿಂದೆ ಸರಿಯುತ್ತದೆ. ಸಮವಸ್ತ್ರದ ಹುಡುಗಿ ಓಡಿಬಂದು ಗದರಿದಳು. ನಾನು ಅಜ್ಜಿಯ ವಿಷಯ ವಿವರಿಸಿದೆ. ಹೊತ್ತಾಯಿತು, ಕಾಯಲಾಗದು, ಇವರು ಒಳಗಾದರೂ ಇರಲಿ, ಹೊರಗಾದರೂ ಹೋಗಲಿ ಎಂದಳು. ಜನರೆಲ್ಲ ನಮ್ಮನ್ನೇ ನೋಡುತ್ತಿದ್ದರು. ನನಗೆ ನಾಚಿಕೆಗಿಂತ ಸಿಟ್ಟು ಹೆಚ್ಚು.

"ಮಾವ, ಅಲ್ಲಿ ಅಮ್ಮ ಕಾಯ್ತಾ ಇದಾಳೆ. ಈ ಅಜ್ಜಿ ನಮಗೇನಾಗಬೇಕು?"

"ನಿಮ್ಮಮ್ಮನೂ ಭಾಷೆ ಬರದ ಊರಲ್ಲೇ ಬಿದ್ದಿದಾಳಲ್ಲಮ್ಮ" ಎಂದರು ಮಾವ. "ನಾನಂತೂ ಬಿಟ್ಟು ಬರೋದಿಲ್ಲ. ನೀನು ಹೋಗು. ಬರ್ತಾನೆ ಅಂತ ಅಕ್ಕನಿಗೆ ಹೇಳು."

ಇಳಿದೇಬಿಟ್ಟರು. ಅವರ ಹಿಂದೆ ಬಾಗಿಲು ಮುಚ್ಚಿತು.

ಮುಂದಿನದನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಹತ್ತದವರ ಪೆಟ್ಟಿಗೆ ವಿಮಾನದಲ್ಲಿ ಹೋಗಬಾರದಂತೆ. ಹಾಗಾಗಿ ಇಬ್ಬರ ಪೆಟ್ಟಿಗೆಗಳನ್ನೂ ಹುಡುಕಿ ಇಳಿಸುವವರೆಗೆ ವಿಮಾನ ನಿಂತೇ ಇತ್ತು. ಮಾವ ಅಜ್ಜಿಯ ಕೈಹಿಡಿದು ಗಾಜಿನ ಬಾಗಿಲಿಗೆ ಬಂದು ನಿಂತದ್ದು ನನಗೆ ಕಿಟಕಿಯಿಂದ ಕಾಣುತ್ತಿತ್ತು. ಪೆಟ್ಟಿಗೆಗಾಗಿ ಕಾದ ವಿಮಾನ ಮನುಷ್ಯರಿಗಾಗಿ ಕಾಯಲಿಲ್ಲ. ಅವರಿಗೆ ಸಿಕ್ಕಿದ್ದು ಮರುದಿನದ ವಿಮಾನ.

ಸಂಜೆ ಆಸ್ಪತ್ರೆಯ ಕೋಣೆಗೆ ನಾನೊಬ್ಬಳೇ ಹೋದೆ. ಅಮ್ಮನ ಕಣ್ಣು ನನ್ನ ಬೆನ್ನ ಹಿಂದೆ ಮಾವನನ್ನು ಹುಡುಕಿತು. ಅವಳು ಇನ್ನು ಒಪ್ಪುವುದಿಲ್ಲ ಎಂದುಕೊಂಡೆ. ಸಿಟ್ಟಿನಲ್ಲೇ ನಡೆದದ್ದೆಲ್ಲ ಹೇಳಿದೆ. ಗುರುತು ಪರಿಚಯವಿಲ್ಲದ ಅಜ್ಜಿಗೋಸ್ಕರ ಒಡಹುಟ್ಟಿದ ಅಕ್ಕನನ್ನು ಬಿಟ್ಟರು ಎಂದೂ ಹೇಳಿಬಿಟ್ಟೆ. ತಂಗಿ ನನ್ನ ಕೈ ಚಿವುಟಿದಳು.

ಬಾಗಿಲಿಗೆ ಕಾಲು ಕೊಟ್ಟ ವಿಷಯ ಕೇಳಿ ಅಮ್ಮ ನಕ್ಕಳು. ಎಷ್ಟೋ ದಿನದ ಮೇಲೆ ನಕ್ಕಳೆಂದು ತಂಗಿ ಆಮೇಲೆ ಹೇಳಿದಳು.

"ಡಾಕ್ಟರಿಗೆ ಹೂಂ ಅಂದುಬಿಡು" ಎಂದಳು ಅಮ್ಮ.

"ನಾಳೆ ಮಾವ ಬರೋ ಹೊತ್ತಿಗೆ ನಿನ್ನ ಆಪರೇಷನ್ನಿಗೆ ಒಳಗೆ ಕರ್ಕೊಂಡು ಹೋಗಿರ್ತಾರಮ್ಮ. ಮುಖ ನೋಡಬೇಕು ಅಂತಿದ್ದೆಯಲ್ಲ?" ಎಂದೆ ನಾನು.

"ಯಾರೋ ಒಬ್ಬಳನ್ನೇ ಬಿಟ್ಟು ಬರದವನು ನನ್ನ ಬಿಟ್ಟು ಹೋಗ್ತಾನಾ? ನಾನು ಕಣ್ಣು ಬಿಡೋವಾಗ ಇಲ್ಲೇ ಇರ್ತಾನೆ ಬಿಡು."

ಮರುದಿನ ಅಮ್ಮ ಕಣ್ಣು ಬಿಟ್ಟಾಗ ಮಂಚದ ಪಕ್ಕದಲ್ಲಿ ಮಾವ ಇದ್ದರು, ಮೈಮೇಲೆ ಅಷ್ಟೂ ಸ್ವೆಟರುಗಳ ಸಮೇತ.