ಭಾನುವಾರದ ಕಾವಲು

ನನ್ನ ಗಂಡ ಸುಳ್ಳು ಹೇಳುವುದರಲ್ಲಿ ತೀರಾ ದಡ್ಡರು. ಹೊಸಕೋಟೆಯ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟರಾಗಿದ್ದರು. ಆಗ ಎರಡನೇ ಮಹಾಯುದ್ಧದ ಕಾಲ, ನಮ್ಮ ಮದುವೆಯಾಗಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ನಮ್ಮ ಬೀದಿಯ ದರ್ಜಿ ಸಾಹೇಬರು ಮನೆ ಮುಂದೆ ಸೈಕಲ್ ನಿಲ್ಲಿಸಿದರೆ ಸಾಕು, ಇವರು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಹೊರಟುಬಿಡುತ್ತಿದ್ದರು. ಬರುವುದು ಸಂಜೆಗೆ. ಎಲ್ಲಿಗೆ ಎಂದು ಕೇಳಿದರೆ ಒಂದು ವಾರ ಸ್ನೇಹಿತರ ಮನೆ, ಇನ್ನೊಂದು ವಾರ ಸ್ಕೂಲಿನ ಕೆಲಸ. ಭಾನುವಾರ ಯಾವ ಸ್ಕೂಲು ತೆರೆದಿರುತ್ತದೆ?

ಮೊದಲು ನನ್ನ ಅನುಮಾನ ಇಸ್ಪೀಟಿನ ಮೇಲಿತ್ತು. ಆಮೇಲೆ ಯಾವುದೋ ಹೆಂಗಸಿನ ಮೇಲೆ ಹೋಯಿತು. ಆದರೆ ಪಂಚೆಗೆ ತುಂಬಾ ಹುಲ್ಲಿನ ಮುಳ್ಳು ಅಂಟಿರುತ್ತಿತ್ತು. ಹೆಂಗಸಿನ ಮನೆಗೆ ಹೋದವರ ಪಂಚೆಗೆ ಅಷ್ಟೊಂದು ಮುಳ್ಳು ಹೇಗೆ ಹತ್ತುತ್ತದೆ ಎಂದು ಒಲೆ ಮುಂದೆ ಕೂತು ಯೋಚಿಸುತ್ತಿದ್ದೆ. ಒಂದು ಸಲ ಅಂಗಿಯ ತೋಳಿನಲ್ಲಿ ರಕ್ತದ ಕಲೆ ಕಂಡಿತು. ಇವರ ಮೈಮೇಲೆ ಒಂದು ತರಚು ಗಾಯವೂ ಇರಲಿಲ್ಲ. ಅವರು ಸ್ನಾನಕ್ಕೆ ಹೋದಾಗ ಕೈಚೀಲ ಬಗ್ಗಿಸಿ ನೋಡಿದೆ. ತಂತಿಯ ಕುಣಿಕೆಗಳು. ಒಂದರಲ್ಲಿ ಕಂದು ಬಣ್ಣದ ಕೂದಲು ಸಿಕ್ಕಿಕೊಂಡಿತ್ತು.

ನಮ್ಮದು ಮಾಂಸ ಮುಟ್ಟದ ಮನೆ. ಅವರು ಸ್ನಾನ ಮುಗಿಸಿ ಬಂದೊಡನೆ ಕುಣಿಕೆ ಎತ್ತಿ ತೋರಿಸಿದೆ.

"ಏನ್ರೀ ಇದು?" ಎಂದೆ.

"ಸ್ಕೂಲಲ್ಲಿ ಬೇಲಿ ಕಟ್ಟೋಕೆ ಕಣೇ," ಎಂದರು, ನನ್ನ ಮುಖ ನೋಡದೆ.

ನಮ್ಮ ಮನೆಯ ಮಾಲೀಕರ ಹೆಂಡತಿ ದಿನಾ ಬಾವಿಕಟ್ಟೆಯಲ್ಲಿ ಸಿಗುತ್ತಿದ್ದರು. ಆ ವಾರ ಅವರೂ ಕೇಳಿದರು: "ಭಾನುವಾರ ಮೇಷ್ಟ್ರು ಮನೇಲೇ ಇರಲ್ವಲ್ಲಮ್ಮ, ಎಲ್ಲಿಗೆ ಹೋಗ್ತಾರೆ?" ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಆಕೆ ನಂಬಿದಂತೆ ಕಾಣಲಿಲ್ಲ. ನನ್ನ ಗಂಡ ಎಲ್ಲಿಗೆ ಹೋದರೆ ಇವರಿಗೇನು ಎಂಬ ಪ್ರಶ್ನೆಯೂ ನನ್ನ ತಲೆಗೆ ಸೇರಿಕೊಂಡಿತು.

ದರ್ಜಿ ಸಾಹೇಬರ ಹೆಂಡತಿಯನ್ನು ವಿಚಾರಿಸಿದ್ದಕ್ಕೆ ಒಂದೇ ಒಂದು ಮಾತು ಸಿಕ್ಕಿತು. "ಅನುಗೊಂಡನಹಳ್ಳಿ ಕಡೆ ಹೋಗ್ತಾರಂತೆ ಅಕ್ಕಾ. ನಂಗೂ ಸರಿಯಾಗಿ ಹೇಳಲ್ಲ." ಆ ಕಡೆ ಸರ್ಕಾರದ ಒಂದು ದೊಡ್ಡ ಹುಲ್ಲುಗಾವಲಿತ್ತು; ಜನ ಅದನ್ನು ಕಾವಲು ಎನ್ನುತ್ತಿದ್ದರು. ಅಲ್ಲಿ ಜಿಂಕೆಗಳಿದ್ದವು. ನನಗೆ ಇನ್ನೇನೂ ಕೇಳಬೇಕಾಗಿರಲಿಲ್ಲ.

ನನ್ನ ತವರು ಸಮೇತನಹಳ್ಳಿ, ಅದೇ ದಿಕ್ಕು. ಅಮ್ಮನಿಗೆ ಮೈ ಸರಿಯಿಲ್ಲ ಎಂದು ಹೇಳಿ ಶನಿವಾರವೇ ಗಾಡಿ ಹತ್ತಿದೆ. ನಾನು ಹೇಳಿದ ಸುಳ್ಳು ಇವರಿಗೆ ಗೊತ್ತೇ ಆಗಲಿಲ್ಲ. ಭಾನುವಾರ ಬೆಳಿಗ್ಗೆ ಚಿಕ್ಕಮ್ಮನನ್ನು ಕರೆದುಕೊಂಡು, ಸೊಪ್ಪು ಕೀಳುವ ನೆಪದಲ್ಲಿ ಕಾವಲಿನ ಕಡೆ ನಡೆದೆ.

ಸೊಂಟದೆತ್ತರದ ಹುಲ್ಲು ಒಣಗಿ ಹಳದಿಯಾಗಿತ್ತು. ದೂರದಲ್ಲಿ ಮೂರು ಜನ ಸಾಲಾಗಿ, ಬಗ್ಗಿಕೊಂಡು, ಕೋಲಿನಿಂದ ಹುಲ್ಲು ಸರಿಸುತ್ತಾ ಬರುತ್ತಿದ್ದರು. ಒಬ್ಬರು ಇವರು, ಒಬ್ಬರು ದರ್ಜಿ ಸಾಹೇಬರು, ಮೂರನೆಯವರು ನಮಗೆ ಕಾಗದ ತಂದುಕೊಡುತ್ತಿದ್ದ, ಆಗಷ್ಟೇ ನಿವೃತ್ತರಾಗಿದ್ದ ಪೋಸ್ಟ್‌ಮನ್. ಇದ್ದಕ್ಕಿದ್ದಂತೆ ಪೋಸ್ಟ್‌ಮನ್ ಕೂಗಿದರು. ಮೂವರೂ ಓಡಿಹೋಗಿ ಹುಲ್ಲಿನೊಳಗೆ ಏನನ್ನೋ ಅದುಮಿ ಹಿಡಿದರು. ಹುಲ್ಲು ಹೊಯ್ದಾಡಿತು.

"ಅಯ್ಯೋ, ಕೊಲ್ತಾ ಅವ್ರೆ ಕಣೇ!" ಚಿಕ್ಕಮ್ಮ ನನ್ನ ಕೈ ಹಿಡಿದುಕೊಂಡಳು.

ನಾನು ಕೈ ಬಿಡಿಸಿಕೊಂಡು ಹತ್ತಿರ ಹೋದೆ. ಹೆಣ್ಣು ಜಿಂಕೆ ಬಿದ್ದಿತ್ತು. ದರ್ಜಿ ಸಾಹೇಬರು ಅದರ ಕಣ್ಣಿಗೆ ತಮ್ಮ ಟವೆಲ್ ಮುಚ್ಚಿ ತಲೆಯನ್ನು ತೊಡೆಯ ಮೇಲೆ ಒತ್ತಿ ಹಿಡಿದಿದ್ದರು. ಇವರು ಕಾಲುಗಳನ್ನು ಹಿಡಿದಿದ್ದರು. ಪೋಸ್ಟ್‌ಮನ್ ಅದರ ಕಾಲಿಗೆ ಕಚ್ಚಿಕೊಂಡಿದ್ದ ತಂತಿಯನ್ನು ಇಕ್ಕಳದಿಂದ ಕತ್ತರಿಸುತ್ತಿದ್ದರು. ತಂತಿ ತುಂಡಾಯಿತು. ಮೂವರೂ ಒಟ್ಟಿಗೆ ಹಿಂದಕ್ಕೆ ಸರಿದರು. ಜಿಂಕೆ ಎರಡು ಸಲ ಮುಗ್ಗರಿಸಿ, ಟವೆಲ್ ಕೊಡವಿ ಬೀಳಿಸಿ, ನೆಗೆದು ಹೋಯಿತು.

ಇವರು ಅಂಗಿ ತೋಳಿನಲ್ಲಿ ಬೆವರು ಒರೆಸಿಕೊಂಡು ತಿರುಗಿದರೆ ಎದುರಿಗೆ ನಾನು.

"ಅಮ್ಮನಿಗೆ ಹೇಗಿದೆ?" ಎಂದರು.

ನಗು ಬಂದರೂ ನಗಲಿಲ್ಲ. "ಇದನ್ನ ಹೇಳೋಕೆ ಏನಾಗಿತ್ತು ನಿಮಗೆ?"

ಇವರು ಬಗ್ಗಿ ಟವೆಲ್ ಎತ್ತಿಕೊಂಡರು. ಉತ್ತರ ಕೊಟ್ಟವರು ದರ್ಜಿ ಸಾಹೇಬರು. ಅಲ್ಲಿ ಬೇಟೆಯಾಡಬಾರದೆಂದು ಸರ್ಕಾರದವರು ಬೋರ್ಡು ನೆಟ್ಟಿದ್ದರಂತೆ. ಕಾಯಲು ಇದ್ದ ಒಬ್ಬ ಗಾರ್ಡನ್ನು ಯುದ್ಧದ ಕೆಲಸಕ್ಕೆ ಬೇರೆ ಕಡೆ ಕಳಿಸಿದ್ದರು. ಅಂದಿನಿಂದ ಉರುಲು ಹಾಕುವವರು ಹೆಚ್ಚಾಗಿದ್ದರು. ಈ ಮೂವರೂ ಯಾರೂ ಹೇಳದೆ, ಯಾರಿಂದಲೂ ಏನೂ ಪಡೆಯದೆ, ವಾರಕ್ಕೊಮ್ಮೆ ಬಂದು ಉರುಲು ಹುಡುಕಿ ಕೀಳುತ್ತಿದ್ದರು.

"ಉರುಲು ಹಾಕಿಸೋರು ಯಾರು ಗೊತ್ತಾ ತಂಗೀ? ನಿಮ್ಮ ಮನೆ ಮಾಲೀಕ್ರೇ. ಮಾಂಸ ಬೆಂಗಳೂರಿನ ಮಿಲಿಟರಿ ಕ್ಯಾಂಪಿಗೆ ಹೋಗ್ತದೆ."

ಆಗ ಇವರು ಬಾಯಿ ಬಿಟ್ಟರು. "ನೀನು ದಿನಾ ಬಾವಿ ಹತ್ರ ಅವರ ಮನೆಯವರ ಜೊತೆ ಮಾತಾಡ್ತೀಯ. ಎಲ್ಲಾದ್ರೂ ಬಾಯಿ ತಪ್ಪಿ..."

ಇಷ್ಟು ದಿನ ನಾನು ಇವರನ್ನು ಅನುಮಾನಿಸಿದ್ದೆ. ಇವರು ಅದಕ್ಕಿಂತ ಮೊದಲಿನಿಂದಲೇ ನನ್ನನ್ನು ಅನುಮಾನಿಸುತ್ತಿದ್ದರು. ನನಗೆ ಬಂದ ಸಿಟ್ಟಿಗೆ ಚಿಕ್ಕಮ್ಮನನ್ನೂ ಬಿಟ್ಟು ಊರ ಕಡೆ ನಡೆದುಬಿಟ್ಟೆ. ಮೂರು ದಿನ ತವರಿನಲ್ಲೇ ಇದ್ದೆ. ಕರೆದುಕೊಂಡು ಹೋಗಲು ಬಂದಾಗ ಇವರು ಜಗಲಿಯ ಮೇಲೆ ಕೂತು, "ತಪ್ಪಾಯ್ತು ಕಣೇ. ಮುಂದಿನ ಭಾನುವಾರ ನೀನೂ ಬಾ," ಎಂದರು. ಸೀರೆ ಕೊಡಿಸುತ್ತೇನೆಂದಿದ್ದರೂ ನನಗೆ ಅಷ್ಟು ಸಂತೋಷವಾಗುತ್ತಿರಲಿಲ್ಲ.

ಅಂದಿನಿಂದ ನಾನೂ ಹೋಗತೊಡಗಿದೆ. ಬಾವಿಕಟ್ಟೆಯಲ್ಲಿ ಮಾಲೀಕರ ಹೆಂಡತಿ ಮತ್ತೆ ಕೇಳಿದಾಗ ನಮ್ಮ ಅಮ್ಮನ ಕಾಯಿಲೆಯ ಕಥೆಯನ್ನು ವಿಸ್ತಾರವಾಗಿ ಹೇಳಿದೆ. ಆಕೆ ನನ್ನ ಕಾಲ ಬಳಿ, ಸೀರೆಯ ಅಂಚಿಗೆ ಅಂಟಿದ್ದ ಮುಳ್ಳನ್ನೇ ನೋಡುತ್ತಿದ್ದರು.

ಕೆಲವು ವಾರಗಳ ನಂತರ ನಾವು ಕಾವಲಿನಲ್ಲಿರುವಾಗಲೇ ಒಂದು ಜೀಪು ಬಂತು. ಬಂದೂಕು ಹಿಡಿದ ಇಬ್ಬರು ಬಿಳಿಯ ಮಿಲಿಟರಿ ಸಾಹೇಬರು, ಮುಂದೆ ನಮ್ಮ ಮಾಲೀಕರು.

"ಏನ್ ಮೇಷ್ಟ್ರೇ, ಸಂಸಾರ ಸಮೇತ ಇಲ್ಲಿ?" ಎಂದರು ಮಾಲೀಕರು. ನಗುತ್ತಿದ್ದರು, ಆದರೆ ಕಣ್ಣು ನನ್ನ ಮೇಲಿತ್ತು.

ಇವರು ಕೈಯಲ್ಲಿದ್ದ ಕೋಲನ್ನು ಕೆಳಗಿಟ್ಟರು. ಆ ಬಿಳಿಯರನ್ನು ಬೋರ್ಡಿನ ಹತ್ತಿರ ಕರೆದುಕೊಂಡು ಹೋಗಿ, ತರಗತಿಯಲ್ಲಿ ಪಾಠ ಓದುವಂತೆ ಗಟ್ಟಿಯಾಗಿ ಇಂಗ್ಲಿಷಿನಲ್ಲಿ ಓದಿದರು. ಸಾಹೇಬರಲ್ಲಿ ಒಬ್ಬ ಮಾಲೀಕರ ಕಡೆ ತಿರುಗಿ ಏನೋ ಗದರಿದ. ಇದು ತನ್ನದೇ ಜಮೀನು ಎಂದು ಮಾಲೀಕರು ಅವರನ್ನು ಕರೆತಂದಿದ್ದರೆಂದು ಇವರು ಆಮೇಲೆ ಹೇಳಿದರು. ಜೀಪು ಬಂದ ದಾರಿಯಲ್ಲೇ ಹಿಂದಿರುಗಿತು.

ತಿಂಗಳು ಮುಗಿಯುವ ಮೊದಲೇ ಮಾಲೀಕರು ಮನೆ ಬಿಡಿ ಎಂದರು. ಬಿಟ್ಟೆವು. ದರ್ಜಿ ಸಾಹೇಬರೇ ಓಡಾಡಿ ಪೇಟೆಯ ಇನ್ನೊಂದು ತುದಿಯಲ್ಲಿ ಎರಡು ಕೋಣೆಯ ಮನೆ ಹುಡುಕಿಕೊಟ್ಟರು. ಅಲ್ಲಿ ಬಾವಿ ದೂರ, ಹೊಗೆ ಹೋಗಲು ಕಿಂಡಿಯಿಲ್ಲ. ಆದರೂ ಭಾನುವಾರದ ಕೆಲಸ ನಿಲ್ಲಲಿಲ್ಲ. ಉರುಲುಗಳು ಕಡಿಮೆಯಾದವು. ಮರಿಗಳು ತಾಯಂದಿರ ಹಿಂದೆ ಓಡುವುದನ್ನು ಎರಡು ಮೂರು ವರ್ಷ ಕಣ್ತುಂಬಾ ನೋಡಿದೆ.

ಯುದ್ಧ ಮುಗಿದ ಮೇಲೆ, ಧಾನ್ಯ ಬೆಳೆಯಬೇಕೆಂದು ಸರ್ಕಾರದವರು ಕಾವಲನ್ನು ಸಾಗುವಳಿಗೆ ಕೊಟ್ಟರು. ಒಂದು ಭಾನುವಾರ ಹೋದಾಗ ಅರ್ಧ ಕಾವಲು ಉತ್ತು ಕೆಂಪಾಗಿತ್ತು. ಅಲ್ಲೇ ರಾಗಿ ಬಿತ್ತುತ್ತಿದ್ದ ಒಬ್ಬನನ್ನು ಜಿಂಕೆಗಳೆಲ್ಲಿ ಎಂದು ಕೇಳಿದೆವು.

"ಎಲ್ಲಾ ಬೆಟ್ಟದ ಕಡೀಕೆ ಹೊಂಟೋದೋ ಸ್ವಾಮಿ," ಎಂದ, ಬಿತ್ತನೆ ನಿಲ್ಲಿಸದೆ.

ಇವರು ಹೂಂ ಎಂದು ತಲೆಯಾಡಿಸಿದರು. ನಾನು ಅವನ ಗುಡಿಸಲಿನ ಗೋಡೆಗೆ ನೇತುಹಾಕಿದ್ದ ತಂತಿಯ ಕುಣಿಕೆಗಳನ್ನು ನೋಡುತ್ತಾ ನಿಂತಿದ್ದೆ.